ಮುಗಿಲಾಚೆಯ ದುರಸ್ತಿ

ಕಳೆದ ಕಾರ್ತಿಕ ಮಾಸದಲ್ಲಿ ಅರಸೀಕೆರೆಯ ಬಳಿ ತೆಂಗಿನ ತೋಟದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಕುಶಲೋಪರಿಗಳು ಮುಗಿಯುವ ಮೊದಲೇ ಅಕ್ಕ ಮೊಮ್ಮಗನ ಮೇಲೆ ದೂರು ತೆಗೆದರು. “ಮೂರು ಹೊತ್ತೂ ಕಂಪ್ಯೂಟರಿನ ಆಟವೇ. ಪಿಯುಸಿ ಪರೀಕ್ಷೆ ಹತ್ತಿರ ಬಂತು. ಅವರಪ್ಪ ಹೇಳಿದರೆ ಕೇಳುವುದಿಲ್ಲ, ನೀನಾದರೂ ಬುದ್ಧಿ ಹೇಳಪ್ಪ” ಎಂದರು. ಗದರಿಸಲೆಂದೇ ಹುಡುಗನ ಕೋಣೆಗೆ ಹೋದವನು ಎರಡು ಗಂಟೆ ಅಲ್ಲಿಯೇ ಕುಳಿತುಬಿಟ್ಟೆನೆಂದು ಹೇಳಲು ತುಸು ಸಂಕೋಚವಾಗುತ್ತದೆ.

ಆ ಆಟದ ಹೆಸರು ‘ಟಿನ್ ಕ್ಯಾನ್’. 2022ರಲ್ಲಿ ಹೊರಬಂದದ್ದು. ಅದರಲ್ಲಿ ಶತ್ರುಗಳಿಲ್ಲ, ಬಂದೂಕಿಲ್ಲ. ಅಪಘಾತಕ್ಕೀಡಾದ ಅಂತರಿಕ್ಷ ನೌಕೆಯಿಂದ ಪಾರಾದ ಒಬ್ಬನೇ ಮನುಷ್ಯ ಪುಟ್ಟದೊಂದು ರಕ್ಷಣಾ ಕೋಶದಲ್ಲಿದ್ದಾನೆ. ಉಸಿರಾಡಲು ಆಮ್ಲಜನಕ ಒದಗಿಸುವ ಯಂತ್ರ, ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರುವ ಯಂತ್ರ, ವಿದ್ಯುತ್ತು, ಶಾಖ, ಗಾಳಿಯ ಒತ್ತಡ, ಇವುಗಳಲ್ಲಿ ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. ಕೈಪಿಡಿಯನ್ನು ಓದಿ, ಕೆಟ್ಟ ಬಿಡಿಭಾಗ ಯಾವುದೆಂದು ಗುರುತಿಸಿ, ಅಷ್ಟು ಅವಶ್ಯವಲ್ಲದ ಯಂತ್ರದಿಂದ ಒಂದನ್ನು ಬಿಚ್ಚಿ ಅಲ್ಲಿಗೆ ಜೋಡಿಸಬೇಕು. ರಕ್ಷಣೆ ಬರುವವರೆಗೆ ಜೀವ ಹಿಡಿದಿರುವುದಷ್ಟೇ ಗೆಲುವು.

ನಾನು ನೋಡುತ್ತಿದ್ದಂತೆಯೇ ಹುಡುಗ ಮೂರು ಬಾರಿ ‘ಸತ್ತು’ ಮತ್ತೆ ಮೊದಲಿನಿಂದ ಆರಂಭಿಸಿದ. ಮೂರನೆಯ ಸಲ ಅವನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: “ತಾತ, ನಿಜವಾಗಿಯೂ ಮೇಲೆ ಏನಾದರೂ ಕೆಟ್ಟರೆ ಹೀಗೇ ಸರಿಮಾಡುತ್ತಾರಾ?”

ಉತ್ತರ ದೂರದಲ್ಲಿರಲಿಲ್ಲ. ಮರುದಿನ ಹಳೇಬೀಡು, ಬೇಲೂರುಗಳನ್ನು ನೋಡಿಕೊಂಡು ಹಾಸನದ ದಾರಿಯಾಗಿ ಮರಳುವುದೆಂದು ಮನೆಯವರೆಲ್ಲ ಹೊರಟೆವು. ಬೇಲೂರಿನಲ್ಲಿ ಹುಡುಗನಿಗೆ ಶಿಲಾಬಾಲಿಕೆಯರಿಗಿಂತ ಮೊದಲು ಗೋಪುರವನ್ನು ತೋರಿಸಿದೆ. ದೇವಾಲಯ 1117ರದು, ಆ ಗೋಪುರವನ್ನು ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ, ದಂಡನಾಯಕ ಗುಂಡನು ಮತ್ತೆ ಕಟ್ಟಿಸಿದನು. ಗರ್ಭಗುಡಿಯ ಮೇಲಿದ್ದ ಇಟ್ಟಿಗೆ ಗಾರೆಯ ಶಿಖರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಳಿಸಿಬಿಟ್ಟರು. ಕೆಳಗಿನದನ್ನು ಉಳಿಸಿಕೊಳ್ಳಲು ಮೇಲಿನದನ್ನು ಬಿಟ್ಟುಕೊಡುವ ದುರಸ್ತಿಯೂ ಉಂಟು. ಆದರೆ ಕಲ್ಲಿನ ಗುಡಿಯ ಬಳಿಗೆ ಏಣಿ ಹಾಕಿಕೊಂಡು ಹೋಗಬಹುದು.

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಪ್ರಧಾನ ನಿಯಂತ್ರಣ ಕೇಂದ್ರದವರಿಗೆ ಆ ಅನುಕೂಲವಿಲ್ಲ. 1982ರಿಂದ ನಮ್ಮ ಸಂಪರ್ಕ ಉಪಗ್ರಹಗಳನ್ನು ಕಾಯುತ್ತಿರುವ ಕೇಂದ್ರವದು. 2005ರಲ್ಲಿ ಭೋಪಾಲದಲ್ಲಿ ಎರಡನೆಯದು ಸಿದ್ಧವಾಗುವವರೆಗೆ ಇನ್ಸಾಟ್ ಸರಣಿಯ ಹೊಣೆಯೆಲ್ಲ ಇದರದೇ ಆಗಿತ್ತು. ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಐದು ಬಾರಿ ಹೊರಗಿಳಿದು ಹಬಲ್ ದೂರದರ್ಶಕವನ್ನು ಸರಿಪಡಿಸಿದರಲ್ಲ, ಅದು ಇದ್ದದ್ದು ಆರುನೂರು ಕಿಲೋಮೀಟರಿನ ಆಸುಪಾಸು. ಇನ್ಸಾಟ್‌ನಷ್ಟು ಎತ್ತರಕ್ಕೆ ದುರಸ್ತಿಗೆಂದು ಯಾವ ಮನುಷ್ಯನೂ ಹೋದದ್ದಿಲ್ಲ. ಹಾಸನದವರು ಇಲ್ಲಿಂದ ಆಜ್ಞೆಗಳನ್ನು ಕಳುಹಿಸುತ್ತಾರೆ; ಅಲ್ಲಿಂದ ಬರುವ ಅಂಕಿಗಳನ್ನು ಓದುತ್ತಾರೆ. ಹೋಗಿ ಬರಲು ಸಂಕೇತಕ್ಕೆ ಸೆಕೆಂಡಿನ ಕಾಲು ಭಾಗ ಸಾಕು. ಆದರೆ ಕೈ ಮಾತ್ರ ಎಟುಕದು.

ಆವರಣದ ಹೊರಗೆ ನಿಂತು, ದೊಡ್ಡ ತಟ್ಟೆಗಳಂತಹ ಆಂಟೆನಾಗಳತ್ತ ಬೆರಳು ತೋರಿಸಿ ಹುಡುಗನಿಗೆ ಇನ್ಸಾಟ್-1ಎ ಕಥೆಯನ್ನು ಹೇಳಿದೆ. 1982ರ ಏಪ್ರಿಲ್ 10ರಂದು ಅಮೆರಿಕದಿಂದ ಹಾರಿದ ಅದು ಮೊದಲಿನಿಂದಲೂ ತೊಂದರೆ ಕೊಟ್ಟಿತು. ಒಂದು ಆಂಟೆನಾ ಸಿಕ್ಕಿಹಾಕಿಕೊಂಡಿತು. ಅದನ್ನು ಹೇಗೋ ಬಿಡಿಸಿದರು. ಬಿಸಿಲಿನ ಒತ್ತಡಕ್ಕೆ ಉಪಗ್ರಹ ಓರೆಯಾಗದಂತೆ ಸಮತೋಲ ಕೊಡಬೇಕಿದ್ದ ಸೌರಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಕಡೆಗೆ ಅದರ ದಿಕ್ಕನ್ನು ಹಿಡಿದಿಡುವ ಇಂಧನ ಬರಿದಾಗಿ, ಅದೇ ಸೆಪ್ಟೆಂಬರಿನಲ್ಲಿ ಅದನ್ನು ಕೈಬಿಡಬೇಕಾಯಿತು. ಐದು ತಿಂಗಳೂ ತುಂಬಲಿಲ್ಲ.

“ಆಮೇಲೆ?” ಎಂದ ಹುಡುಗ.

ಮರುವರ್ಷ ಆಗಸ್ಟಿನ ಕೊನೆಯಲ್ಲಿ ಚಾಲೆಂಜರ್ ನೌಕೆ ಇನ್ಸಾಟ್-1ಬಿಯನ್ನು ಕೊಂಡೊಯ್ದಿತು. ಅದರ ಸೌರಫಲಕ ಕೂಡ ತೆರೆಯದೆ ಹಟ ಹಿಡಿಯಿತು. ಹಿಂದಿನ ವರ್ಷದ ನೋವು ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ ಕೇಂದ್ರದಲ್ಲಿದ್ದವರ ಮನಃಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಫಲಕ ತೆರೆಯಿತು, ಅಕ್ಟೋಬರಿನಲ್ಲಿ ಉಪಗ್ರಹ ಸೇವೆಗೆ ನಿಂತಿತು. ಎಂಬತ್ತರ ದಶಕದಲ್ಲಿ ದೇಶದ ಸಣ್ಣಪುಟ್ಟ ಪಟ್ಟಣಗಳಿಗೆ ದೂರದರ್ಶನ ತಲುಪಿದ್ದು ಬಹುಮಟ್ಟಿಗೆ ಅದರಿಂದ. ಅಂದು ಭಾನುವಾರದ ಬೆಳಿಗ್ಗೆ ರಾಮಾಯಣ ನೋಡಲು ನೆರೆಹೊರೆಯವರೆಲ್ಲ ಒಂದೇ ಹಜಾರದಲ್ಲಿ ಕುಳಿತವರಿಗೆ ಆ ಫಲಕದ ಸಂಗತಿ ಎಲ್ಲಿ ಗೊತ್ತಿತ್ತು!

ಎಲ್ಲವೂ ಗೆದ್ದದ್ದಲ್ಲ. 1997ರ ಜೂನಿನಲ್ಲಿ ಹಾರಿದ ಇನ್ಸಾಟ್-2ಡಿ ವಿದ್ಯುತ್ ದೋಷದಿಂದ ಅಕ್ಟೋಬರಿನಲ್ಲೇ ನಿಂತುಹೋಯಿತು. ಅದರ ಸ್ಥಾನಕ್ಕೆ ಆಗಲೇ ಕಕ್ಷೆಯಲ್ಲಿದ್ದ ಅರಬ್‌ಸ್ಯಾಟ್ ಉಪಗ್ರಹವೊಂದನ್ನು ಕೊಳ್ಳಬೇಕಾಯಿತು. ಈಚೆಗೆ ಯಂತ್ರಗಳೇ ದುರಸ್ತಿಗೆ ಹೊರಟಿವೆ. 2021ರ ಏಪ್ರಿಲಿನಲ್ಲಿ ಅಮೆರಿಕದ ಸೇವಾನೌಕೆಯೊಂದು ಅದೇ ಎತ್ತರದಲ್ಲಿದ್ದ ಇಂಟೆಲ್‌ಸ್ಯಾಟ್ ಉಪಗ್ರಹಕ್ಕೆ ಅಂಟಿಕೊಂಡು, ಅದನ್ನು ತನ್ನ ಇಂಧನದಿಂದ ನಡೆಸತೊಡಗಿತು.

“ಹಾಗಾದರೆ ನನ್ನ ಆಟ ಸುಳ್ಳು. ಅಲ್ಲಿ ಸತ್ತರೆ ಮತ್ತೆ ಆಡಬಹುದು” ಎಂದು ಹುಡುಗ ಸಪ್ಪಗಾದ. ನನಗೆ ಹಾಗೆನ್ನಿಸಲಿಲ್ಲ. ಹಬಲ್‌ಗೆ ಹೋದವರು ನೀರಿನ ತೊಟ್ಟಿಯಲ್ಲಿ ಮುಳುಗಿ, ಕಂಪ್ಯೂಟರಿನ ಕೃತಕ ದೃಶ್ಯಗಳಲ್ಲಿ ಕೈಯಾಡಿಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಯೇ ಹೋದದ್ದು. ತಪ್ಪುಗಳನ್ನೆಲ್ಲ ಇಲ್ಲಿ ಮಾಡಿ ಮುಗಿಸಿದರೆ ಅಲ್ಲಿ ಮಾಡುವುದು ತಪ್ಪುತ್ತದೆ. ಇಷ್ಟನ್ನು ಅವನಿಗೆ ಹೇಳಿದೆ. ರಾತ್ರಿ ಹನ್ನೊಂದರ ಮೇಲೆ ಆಡಬಾರದೆಂದೂ ಹೇಳಿದೆ. ಅಕ್ಕನಿಗೆ ಕೊಟ್ಟ ಮಾತಿತ್ತಲ್ಲ.

ಸಂಜೆ ಅರಸೀಕೆರೆ ತಲುಪಿದಾಗ ತೋಟದ ಬೋರಿನ ಮೋಟಾರು ನಿಂತಿತ್ತು. ಅವರಪ್ಪ ಮೋಟಾರು ಸುಟ್ಟಿತೆಂದೇ ಬಗೆದು ಮೇಲೆತ್ತಿಸಲು ಆಳುಗಳಿಗೆ ಹೇಳಿಕಳುಹಿಸುವುದರಲ್ಲಿದ್ದರು. “ಎತ್ತಿಸುವುದು ಇರಲಿ ಅಪ್ಪಾಜಿ, ಕರೆಂಟು ಎಲ್ಲಿಯತನಕ ಬಂದಿದೆ ನೋಡೋಣ, ಬಹುಶಃ ಸ್ಟಾರ್ಟರ್ ಕೆಟ್ಟಿರಬೇಕು” ಎಂದ ಹುಡುಗ. ತಂದೆ ಟೆಸ್ಟರ್ ಹಿಡಿದು ಒಂದೊಂದೇ ಕಡೆ ಪರೀಕ್ಷಿಸುತ್ತ ಹೋದರು. ಫ್ಯೂಸು ಸರಿಯಿತ್ತು. ಸ್ಟಾರ್ಟರೂ ಸರಿಯಿತ್ತು, ಹುಡುಗನ ಊಹೆ ತಪ್ಪಾಗಿತ್ತು. ಮನೆಯಿಂದ ಬೋರಿಗೆ ಹೋಗುವ ಕೇಬಲನ್ನು, ತೆಂಗಿನ ಸಿಪ್ಪೆಯ ರಾಶಿಯ ಕೆಳಗೆ, ಇಲಿ ಕಡಿದಿತ್ತು.