ಹೆಚ್ಚು ದೂರ ಓಡಿದ ಹಳೆಯ ಮೋಟಾರು ಸೈಕಲ್ ಖರೀದಿ: ಮತ್ತೆ ಸವಾರಿಗೆ ಮರಳುವವರಿಗೆ ಮಾಹಿತಿ

ಕಾಲೇಜಿನ ದಿನಗಳಲ್ಲಿ ಅಥವಾ ಉದ್ಯೋಗದ ಆರಂಭದ ವರ್ಷಗಳಲ್ಲಿ ಮೋಟಾರು ಸೈಕಲ್ ಓಡಿಸಿ, ಅನಂತರ ಸಂಸಾರ, ವರ್ಗಾವಣೆ, ಕಾರು ಖರೀದಿ ಮೊದಲಾದ ಕಾರಣಗಳಿಂದ ಅದನ್ನು ಕೈಬಿಟ್ಟಿದ್ದು, ಹತ್ತಾರು ವರ್ಷಗಳ ತರುವಾಯ ಮತ್ತೆ ಸವಾರಿಗೆ ಮರಳಲು ಬಯಸುವ ನಾಗರಿಕರು ಮೈಸೂರು ನಗರದಲ್ಲಿ ಕಡಿಮೆಯೇನಿಲ್ಲ. ಇವರಲ್ಲಿ ಅನೇಕರು ಹೊಸ ವಾಹನದ ಬದಲು ಈಗಾಗಲೇ ಬಹಳ ದೂರ ಓಡಿರುವ ಹಳೆಯ ವಾಹನವನ್ನೇ ಅರಸುತ್ತಾರೆ. ಬೆಲೆ ಕಡಿಮೆ ಎಂಬುದು ಒಂದು ಕಾರಣ. ಮೈಸೂರಿನಲ್ಲಿ ಇನ್ನೊಂದು ಕಾರಣವೂ ಉಂಟು, ಅದರ ಹೆಸರು ಯೆಜ್ಡಿ.

ನಗರದ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯೊಂದಿಗೆ 1961ರಿಂದ ಮೋಟಾರು ಸೈಕಲ್‌ಗಳನ್ನು ತಯಾರಿಸಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಉತ್ಪಾದನೆ ನಿಂತಿತು. ಆದುದರಿಂದ ಮೈಸೂರಿನಲ್ಲಿ ತಯಾರಾದ ಅತ್ಯಂತ ಕಿರಿಯ ಯೆಜ್ಡಿಗೂ ಈಗ ಮೂವತ್ತು ವರ್ಷಗಳ ಆಸುಪಾಸು ವಯಸ್ಸಾಗಿದೆ. 2018ರಲ್ಲಿ ಜಾವಾ ಹಾಗೂ 2022ರಲ್ಲಿ ಯೆಜ್ಡಿ ಹೆಸರಿನ ಹೊಸ ವಾಹನಗಳು ಬೇರೆ ಸಂಸ್ಥೆಯಿಂದ ಮಾರುಕಟ್ಟೆಗೆ ಬಂದಿವೆಯಾದರೂ, ಅವು ನಾಲ್ಕು ಸ್ಟ್ರೋಕಿನ, ದ್ರವದಿಂದ ತಂಪಾಗುವ ಎಂಜಿನ್ನಿನವು. ಅವುಗಳ ಎಂಜಿನ್ ಭಾಗಗಳು ಹಳೆಯ ಎರಡು ಸ್ಟ್ರೋಕಿನ ವಾಹನಕ್ಕೆ ಹೊಂದುವುದಿಲ್ಲ. ಹೆಸರು ಒಂದೇ ಎಂಬ ಕಾರಣಕ್ಕೆ ಬಿಡಿಭಾಗಗಳು ಸುಲಭವಾಗಿ ದೊರೆಯುವುವೆಂದು ಭಾವಿಸಬಾರದು.

ಕಿಲೋಮೀಟರ್ ಅಂಕಿ ಹೇಳುವುದೇನು?

ಖರೀದಿದಾರರು ಮೊದಲು ನೋಡುವುದು ಓಡಿದ ದೂರದ ಅಂಕಿಯನ್ನು. ವಾಸ್ತವವಾಗಿ ಹಳೆಯ ವಾಹನದಲ್ಲಿ ಅತ್ಯಂತ ಕಡಿಮೆ ನಂಬಿಕೆಗೆ ಅರ್ಹವಾದದ್ದು ಅದೇ. ಹಳೆಯ ಮಾಪಕಗಳಲ್ಲಿ ಅನೇಕವು ಐದು ಅಂಕಿಯವು. 99,999 ದಾಟಿದೊಡನೆ ಅವು ಸೊನ್ನೆಯಿಂದ ಮತ್ತೆ ಆರಂಭವಾಗುತ್ತವೆ. ಕೇಬಲ್ ತುಂಡಾಗಿ ವರ್ಷಗಟ್ಟಲೆ ಮಾಪಕವಿಲ್ಲದೆ ಓಡಿದ ವಾಹನಗಳೂ, ಮಾಪಕವನ್ನೇ ಬದಲಿಸಿದ ವಾಹನಗಳೂ ಇರುತ್ತವೆ. ಒಂದು ಸರಳ ಲೆಕ್ಕವನ್ನು ಮಾಡಬಹುದು. ದಿನಕ್ಕೆ 20 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡಿದರೆ 6,000 ಕಿಲೋಮೀಟರ್, 20 ವರ್ಷಕ್ಕೆ 1,20,000 ಕಿಲೋಮೀಟರ್ ಆಗುತ್ತದೆ. ಇಪ್ಪತ್ತು ವರ್ಷದ ವಾಹನ 28,000 ಕಿಲೋಮೀಟರ್ ಮಾತ್ರ ತೋರಿಸುತ್ತಿದ್ದರೆ, ಒಂದೋ ಮಾಪಕ ಸರಿಯಾದುದನ್ನು ಹೇಳುತ್ತಿಲ್ಲ, ಅಥವಾ ವಾಹನ ಬಹುಕಾಲ ಮನೆಯ ಮೂಲೆಯಲ್ಲಿ ನಿಂತಿತ್ತು.

ನಿಂತ ವಾಹನವು ಓಡಿದ ವಾಹನಕ್ಕಿಂತ ಒಳ್ಳೆಯದೆಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಅಷ್ಟೇನೂ ಸರಿಯಲ್ಲ. ನಿಂತಲ್ಲೇ ನಿಂತರೆ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ, ಟೈರುಗಳು ಬಿರಿಯುತ್ತವೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಿರಿ: 2314 ಎಂದಿದ್ದರೆ ಅದು 2014ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈ ಹೊಸದರಂತೆ ಕಂಡರೂ ಅಂತಹ ಟೈರನ್ನು ಬದಲಿಸತಕ್ಕದ್ದು. ಪ್ರತಿದಿನ ಓಡಿ, ಕಾಲಕಾಲಕ್ಕೆ ರಿಪೇರಿಯಾಗಿ, ಆ ರಿಪೇರಿಯ ಚೀಟಿಗಳನ್ನು ಮಾಲೀಕರು ಇಟ್ಟುಕೊಂಡಿರುವ ಲಕ್ಷ ಕಿಲೋಮೀಟರಿನ ವಾಹನವೇ ಎಷ್ಟೋ ಬಾರಿ ಉತ್ತಮ ಆಯ್ಕೆಯಾಗುತ್ತದೆ.

ವಾಹನದ ಪರಿಶೀಲನೆ

ಪರಿಚಿತ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಸೂಕ್ತ. ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರಾಟಗಾರರು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ತಿಳಿಸಿರಿ. ಎಂಜಿನ್ನನ್ನು ಎಷ್ಟು ಬಾರಿ ಬೋರ್ ಮಾಡಿಸಲಾಗಿದೆ ಎಂದು ಕೇಳಿರಿ. ಪ್ರತಿ ಬಾರಿ ಬೋರ್ ಮಾಡಿಸಿದಾಗಲೂ ಮೊದಲಿಗಿಂತ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ, ಇದಕ್ಕೆ ಒಂದು ಮಿತಿಯಿದೆ. ಒಮ್ಮೆ ಬೋರ್ ಆಗಿರುವುದು ದೋಷವಲ್ಲ. ಮುಂದೆ ಇನ್ನೆಷ್ಟು ಅವಕಾಶ ಉಳಿದಿದೆ ಎಂಬುದೇ ಪ್ರಶ್ನೆ.

ಎರಡು ಸ್ಟ್ರೋಕಿನ ಎಂಜಿನ್ ಆರಂಭದಲ್ಲಿ ಸ್ವಲ್ಪ ಹೊಗೆ ಬಿಡುವುದು ಸಹಜ. ಆದರೆ ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದಲ್ಲಿ, ಕ್ರ್ಯಾಂಕಿನ ಸೀಲು ಸೋರಿ ಗೇರ್ ಪೆಟ್ಟಿಗೆಯ ಎಣ್ಣೆ ಎಂಜಿನ್ನಿನೊಳಕ್ಕೆ ಹೋಗುತ್ತಿರುವ ಸಂಭವವಿದೆ. ಇದನ್ನು ಸರಿಪಡಿಸಲು ಎಂಜಿನ್ ಪೂರ್ತಿ ಬಿಚ್ಚಬೇಕಾಗಬಹುದು. ಯೆಜ್ಡಿಯಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಲೀಟರಿಗೆ ಎಷ್ಟು ಎಣ್ಣೆ ಬೆರೆಸುತ್ತೀರಿ ಎಂಬ ಪ್ರಶ್ನೆಗೆ ಮಾಲೀಕರಿಂದ ತಡವಿಲ್ಲದೆ ಉತ್ತರ ಬಂದರೆ ಆ ವಾಹನ ಬಲ್ಲವರ ಕೈಯಲ್ಲಿತ್ತೆಂದು ತಿಳಿಯಬಹುದು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಕೊಳವೆಗಳನ್ನು ಕೆಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು ಹಾಗೂ ಕಾರ್ಬ್ಯುರೇಟರಿನ ರಬ್ಬರ್ ಭಾಗಗಳನ್ನು ಹೊಸದಾಗಿ ಹಾಕಿಸುವ ವೆಚ್ಚವನ್ನು ಬೆಲೆಯೊಡನೆ ಲೆಕ್ಕಹಾಕತಕ್ಕದ್ದು. ವಾರಗಟ್ಟಲೆ ಓಡಿಸದಿದ್ದರೆ ಟ್ಯಾಂಕನ್ನು ಖಾಲಿ ಮಾಡಿಡುವುದು ಒಳ್ಳೆಯದು.

ನಾಲ್ಕು ಸ್ಟ್ರೋಕಿನ 100 ಅಥವಾ 150 ಸಿ.ಸಿ. ವಾಹನಗಳಲ್ಲಿ ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ರಿಂಗ್ ಅಥವಾ ವಾಲ್ವಿನ ಸೀಲು ಸವೆದಿದೆ ಎಂದರ್ಥ. ಚೈನ್, ಸ್ಪ್ರಾಕೆಟ್, ಕ್ಲಚ್ ಪ್ಲೇಟುಗಳ ಬದಲಾವಣೆ ಹೆಚ್ಚು ಓಡಿದ ವಾಹನದಲ್ಲಿ ನಿರೀಕ್ಷಿತ ವೆಚ್ಚ. ಅದಕ್ಕಾಗಿ ವಾಹನವನ್ನು ತಿರಸ್ಕರಿಸಬೇಕಾಗಿಲ್ಲ. ಫ್ರೇಮಿನಲ್ಲಿ ವೆಲ್ಡಿಂಗ್ ಗುರುತು, ಹ್ಯಾಂಡಲ್ ತಿರುಗಿಸುವಾಗ ಮಧ್ಯದಲ್ಲಿ ಸಿಕ್ಕಿಕೊಂಡಂತಾಗುವುದು, ಹಿಂದಿನ ಚಕ್ರವನ್ನು ಅಡ್ಡಲಾಗಿ ಅಲುಗಿಸಿದಾಗ ಆಟ ಕಾಣುವುದು ಇವು ಮಾತ್ರ ಅಪಘಾತದ ಅಥವಾ ನಿರ್ಲಕ್ಷ್ಯದ ಸೂಚನೆಗಳು.

ದಾಖಲೆಗಳು

ಎಂಜಿನ್ ಕೆಟ್ಟರೆ ಹಣದಿಂದ ಸರಿಪಡಿಸಬಹುದು. ದಾಖಲೆ ಕೆಟ್ಟಿದ್ದರೆ ಅನೇಕ ವೇಳೆ ಸರಿಪಡಿಸಲಾಗದು. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಹಾಗೂ ಚಾಸಿ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳೊಡನೆ ಅಕ್ಷರಶಃ ತಾಳೆ ನೋಡತಕ್ಕದ್ದು. ಹಳೆಯ ಯೆಜ್ಡಿಗಳಲ್ಲಿ ಒಂದರ ಎಂಜಿನ್ನನ್ನು ಇನ್ನೊಂದಕ್ಕೆ ಜೋಡಿಸಿರುವುದುಂಟು. ಎಂಜಿನ್ ಬದಲಾವಣೆಯನ್ನು ನೋಂದಣಿ ಪ್ರಾಧಿಕಾರದ ಮಂಜೂರಾತಿಯೊಂದಿಗೆ ದಾಖಲಿಸದೆ ಇದ್ದಲ್ಲಿ ವರ್ಗಾವಣೆಯೂ ನವೀಕರಣವೂ ಅಲ್ಲಿಗೇ ನಿಲ್ಲುತ್ತವೆ. ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಿ ನೋಂದಣಿಯ ಅವಧಿ, ವಿಮೆಯ ಅವಧಿ ಹಾಗೂ ಸಾಲದ ಕರಾರನ್ನು ನೋಡಬಹುದು. ಸಾಲ ತೀರಿದ್ದರೂ ಕರಾರಿನ ನಮೂದು ಉಳಿದಿದ್ದಲ್ಲಿ ನಮೂನೆ 35ರಲ್ಲಿ ಅದನ್ನು ರದ್ದುಪಡಿಸಿದ ಮೇಲೆಯೇ ಹಣ ಪಾವತಿಸಿರಿ.

ಹದಿನೈದು ವರ್ಷ ದಾಟಿದ ವಾಹನಗಳನ್ನೆಲ್ಲ ಗುಜರಿಗೆ ಹಾಕಲೇಬೇಕೆಂಬ ಮಾತು ಜನರಲ್ಲಿ ಪ್ರಚಲಿತವಿದೆ. ಖಾಸಗಿ ಮೋಟಾರು ಸೈಕಲ್‌ಗಳ ಮಟ್ಟಿಗೆ ಕರ್ನಾಟಕದಲ್ಲಿ ಹಾಗಿಲ್ಲ. ನೋಂದಣಿಯು ಮೊದಲು 15 ವರ್ಷಗಳಿಗೆ ಸಿಂಧುವಾಗಿರುತ್ತದೆ. ಅನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ಹಾಜರುಪಡಿಸಿ, ಹಸಿರು ತೆರಿಗೆ ಹಾಗೂ ಶುಲ್ಕವನ್ನು ಪಾವತಿಸಿ 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬಹುದು. ಹಳೆಯ ವಾಹನಗಳ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಏರಿಸಲಾಗಿದೆ. ನವೀಕರಣದ ಅವಧಿ ಮೀರಿದ ವಾಹನವನ್ನು ಖರೀದಿಸುವುದಾದರೆ, ನವೀಕರಣ ಮಾಡಿಸಿಕೊಡುವ ಹೊಣೆಯನ್ನು ಮಾರಾಟಗಾರರ ಮೇಲೆಯೇ ಇರಿಸುವುದು ಕ್ಷೇಮ.

ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5 ಹಾಗೂ ಹೈಡ್ರೋಕಾರ್ಬನ್ 9,000 ಪಿ.ಪಿ.ಎಂ. ಮಿತಿಯಿದೆ. ಸರಿಯಾಗಿ ಟ್ಯೂನ್ ಮಾಡಿದ ಯೆಜ್ಡಿಗೆ ಇದು ಕಷ್ಟವಲ್ಲ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವೆಂದು 2023ರಲ್ಲಿ ರಾಜ್ಯದಲ್ಲಿ ಆದೇಶವಾಗಿರುವುದನ್ನೂ ಗಮನಿಸತಕ್ಕದ್ದು.

ಐವತ್ತು ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳನ್ನು 2021ರ ಜುಲೈನ ಕೇಂದ್ರ ನಿಯಮಗಳನ್ವಯ ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1960ರ ದಶಕದ ಜಾವಾದಲ್ಲಿ ದಿನವೂ ಕಚೇರಿಗೆ ಹೋಗಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು.

ಹೆಸರು ವರ್ಗಾವಣೆ

ಸ್ನೇಹಿತರಲ್ಲವೇ, ಆಮೇಲೆ ಮಾಡಿಸಿದರಾಯಿತು ಎಂದು ಅತಿ ಹೆಚ್ಚು ಅಲಕ್ಷಿಸಲ್ಪಡುವ ವಿಷಯ ಇದೇ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 50ರ ಪ್ರಕಾರ ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಇದಕ್ಕೆ ನಮೂನೆ 29 ಹಾಗೂ 30. ಖಾಲಿ ನಮೂನೆಗಳಿಗೆ ಸಹಿ ಮಾಡಿ ಕೈಗೆ ಕೊಟ್ಟುಬಿಡುವ ಪದ್ಧತಿಯು ಇಬ್ಬರಿಗೂ ಅಪಾಯಕಾರಿ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಈ ಬಗ್ಗೆ ಸ್ಪಷ್ಟ ತೀರ್ಪು ನೀಡಿದೆ. ವಾಹನವು ಕೈಯಿಂದ ಕೈಗೆ ಎಷ್ಟು ಬಾರಿ ಮಾರಾಟವಾಗಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ. ವಿಮೆ ಇಲ್ಲದ ವಾಹನವೊಂದನ್ನು ಮಾರಿ ಮರೆತ ವ್ಯಕ್ತಿಯು ತಾನು ನೋಡಿಯೇ ಇರದ ಅಪಘಾತಕ್ಕೆ ಲಕ್ಷಾಂತರ ರೂಪಾಯಿ ತೆರಬೇಕಾಗಬಹುದು.

ಕೊಂಡವರಿಗೂ ನಷ್ಟವಿದೆ. ಮಾಲೀಕ-ಚಾಲಕರಿಗಿರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯು ನೋಂದಾಯಿತ ಮಾಲೀಕರಿಗೆ ಸಲ್ಲತಕ್ಕದ್ದು. ಹೆಸರು ಬದಲಾಗದೆ ಸವಾರಿ ಮಾಡಿ ಅಪಘಾತಕ್ಕೀಡಾದರೆ ಕುಟುಂಬಕ್ಕೆ ಆ ಮೊತ್ತ ದೊರೆಯದೆ ಹೋಗಬಹುದು. ವಿಮಾ ಪತ್ರದ ವರ್ಗಾವಣೆಗೆ 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಯೆಜ್ಡಿಗಳು ಅನೇಕ ವೇಳೆ ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಉಳಿದಿರುತ್ತವೆ. ಅಂತಹ ವಾಹನವನ್ನು ಮಗ ಅಥವಾ ಮಗಳು ನೇರವಾಗಿ ಮಾರುವಂತಿಲ್ಲ. ಮಾಲೀಕರು ನಿಧನರಾದ 30 ದಿನಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕೆಂಬುದು ನಿಯಮ. ತಂದೆಯವರ ಸಹಿಯೆಂದು ಬೇರೆಯವರು ಮಾಡಿದ ಸಹಿಯುಳ್ಳ ನಮೂನೆಯನ್ನು ಯಾವ ಕಾರಣಕ್ಕೂ ಸ್ವೀಕರಿಸಬಾರದು. ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ ಮೊದಲಾದ ಕಡೆಗಳಿಂದ ತಂದ ವಾಹನಕ್ಕೆ ಅಲ್ಲಿನ ನಿರಾಕ್ಷೇಪಣಾ ಪತ್ರ, ನಮೂನೆ 28, ಹಾಗೂ ಇಲ್ಲಿನ ಜೀವಾವಧಿ ತೆರಿಗೆ ಬೇಕಾಗುತ್ತವೆ.

ಸವಾರರ ಸಿದ್ಧತೆ

ವಾಹನದಂತೆಯೇ ಸವಾರರ ಚಾಲನಾ ಅನುಜ್ಞಾ ಪತ್ರವನ್ನೂ ಪರಿಶೀಲಿಸಬೇಕು. 2019ರ ತಿದ್ದುಪಡಿಯ ಅನಂತರ, ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಚಾಲನಾ ಪರೀಕ್ಷೆಯಲ್ಲಿ ಮತ್ತೆ ಉತ್ತೀರ್ಣರಾಗದೆ ನವೀಕರಣವಿಲ್ಲ. 40 ವರ್ಷ ಮೀರಿದವರು ನಮೂನೆ 1ಎಯಲ್ಲಿ ವೈದ್ಯಕೀಯ ಪ್ರಮಾಣ ಪತ್ರ ಸಲ್ಲಿಸಬೇಕು. ಈ ಪರೀಕ್ಷೆಯನ್ನು ತೊಂದರೆಯೆಂದು ಎಣಿಸುವುದು ಸರಿಯಲ್ಲ, ಹದಿನೈದು ವರ್ಷ ಹ್ಯಾಂಡಲ್ ಹಿಡಿಯದವರಿಗೆ ಅದು ಅಗತ್ಯವೇ ಆಗಿದೆ.

ಹಳೆಯ ಬುಲೆಟ್‌ಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತದೆ. ತುರ್ತಿನಲ್ಲಿ ಕಾಲು ತನ್ನ ರೂಢಿಯಂತೆಯೇ ಒತ್ತುವುದರಿಂದ, ಬೇರೆ ವಾಹನಗಳ ಅಭ್ಯಾಸವಿದ್ದವರು ಇವುಗಳನ್ನು ಕೊಳ್ಳುವ ಮೊದಲು ಎರಡು ಬಾರಿ ಯೋಚಿಸಬೇಕು. ಯೆಜ್ಡಿಯಲ್ಲಿ ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಎರಡು ಸ್ಟ್ರೋಕಿನ ಎಂಜಿನ್ ಇಳಿಜಾರಿನಲ್ಲಿ ವಾಹನವನ್ನು ಅಷ್ಟಾಗಿ ತಡೆಯುವುದಿಲ್ಲ, ಡ್ರಮ್ ಬ್ರೇಕುಗಳು ಸತತ ಬಳಕೆಯಿಂದ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಆದಕಾರಣ ಚಾಮುಂಡಿ ಬೆಟ್ಟದಿಂದ ಇಳಿಯುವುದನ್ನು ಮೊದಲ ವಾರದ ಸವಾರಿಗೆ ಇರಿಸಿಕೊಳ್ಳಬಾರದು. 125 ಸಿ.ಸಿ.ಗಿಂತ ಹೆಚ್ಚಿನ ಎಲ್ಲ ಹೊಸ ವಾಹನಗಳಿಗೂ ಎ.ಬಿ.ಎಸ್. ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೆ ಹಿಂದಿನ ಬಹುತೇಕ ವಾಹನಗಳಲ್ಲಿ ಈ ಸೌಲಭ್ಯವಿಲ್ಲ, ಮಳೆಯಲ್ಲಿ ಬ್ರೇಕನ್ನು ಹದವರಿತು ಒತ್ತುವ ಅಭ್ಯಾಸವನ್ನು ಸವಾರರೇ ಮಾಡಿಕೊಳ್ಳಬೇಕು. ಬಹುಕಾಲದ ಬಳಿಕ ಮರಳುವವರು ಮೊದಲ ಒಂದು ವರ್ಷ ಹಗುರವಾದ 100 ಸಿ.ಸಿ. ವಾಹನದಲ್ಲಿ ಅಭ್ಯಾಸ ಮಾಡಿ, ಯೆಜ್ಡಿಯ ಆಸೆಯನ್ನು ಅನಂತರಕ್ಕೆ ಇಟ್ಟುಕೊಳ್ಳುವುದು ಲೇಸು.

ಅಟ್ಟದ ಮೇಲಿಟ್ಟಿದ್ದ ಹಳೆಯ ಹೆಲ್ಮೆಟ್ಟನ್ನು ಒರೆಸಿ ಮತ್ತೆ ಧರಿಸಬಾರದು. ಒಳಗಿನ ಪದರವು ಕಾಲಕ್ರಮದಲ್ಲಿ ಸತ್ವ ಕಳೆದುಕೊಂಡಿರುತ್ತದೆ. ಐ.ಎಸ್.ಐ. ಗುರುತುಳ್ಳ ಹೊಸ ಹೆಲ್ಮೆಟ್ಟನ್ನು ಸವಾರರೂ ಹಿಂಬದಿ ಸವಾರರೂ ಧರಿಸಿ ಪಟ್ಟಿಯನ್ನು ಬಿಗಿಯತಕ್ಕದ್ದು. ಹಿಂದಿನಂತೆ ಬೆಂಗಳೂರಿಗೆ ಹೋಗಿಬರುವ ಉದ್ದೇಶವುಳ್ಳವರು, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಗಿರುವುದರಿಂದ, ಸರ್ವೀಸ್ ರಸ್ತೆಯನ್ನು ಮಾತ್ರ ಬಳಸತಕ್ಕದ್ದು.