ಮಾದರಿ ಸರಕು ಗಾಡಿಗೆ ತಕ್ಕ ಬೋಗಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಸಮರ್ಥರು ಇದ್ದಾರೆಂದು ಹೇಳಿ ತಪ್ಪಿಸಿಕೊಂಡೆನು. ನಾನು ಆರಿಸಿಕೊಂಡದ್ದು ಮಹೋತ್ಸವದ ಪ್ರದರ್ಶನಕ್ಕೆಂದು ಮಕ್ಕಳು ಸಿದ್ಧಪಡಿಸಿದ ಮಾದರಿ ಸರಕು ರೈಲಿನ ವಿಷಯ. ಅದರಲ್ಲಿಯೂ, ನೋಡುವವರ ಕಣ್ಣಿಗೆ ಬೀಳದ ಅದರ ಬೋಗಿಗಳ ವಿಷಯ.

ಮೊದಲು ಈ ಶಬ್ದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ಏಳನೆಯ ಬೋಗಿಯಲ್ಲಿ ನಮ್ಮ ಸೀಟು’ ಎಂದು ನಾವೆಲ್ಲರೂ ಹೇಳುತ್ತೇವೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ವಾಸ್ತವವಾಗಿ ನಾವು ಕುಳಿತುಕೊಳ್ಳುವ ಪೆಟ್ಟಿಗೆ ಬೋಗಿಯಲ್ಲ. ಅದರ ಕೆಳಗೆ, ಎರಡು ಅಚ್ಚು ನಾಲ್ಕು ಚಕ್ರಗಳನ್ನು ಹಿಡಿದುಕೊಂಡು, ನಡುವಿನ ಒಂದು ಗೂಟದ ಮೇಲೆ ಎಡಬಲಕ್ಕೆ ತಿರುಗುವ ಚೌಕಟ್ಟೇ ಬೋಗಿ. ಅಮೆರಿಕದವರು ಇದನ್ನು ಟ್ರಕ್ ಎನ್ನುತ್ತಾರೆ. ಉದ್ದವಾದ ಗಾಡಿಯು ತಿರುವಿನಲ್ಲಿ ಹೊರಳಬೇಕಾದರೆ ಪೆಟ್ಟಿಗೆ ಬಾಗಲಾರದು. ಅದರ ಎರಡು ತುದಿಗಳ ಬೋಗಿಗಳು ತಿರುಗಿಕೊಡಬೇಕು. ನನ್ನ ಬಾಲ್ಯದಲ್ಲಿ ಕಾಣುತ್ತಿದ್ದ ಸರಕು ಡಬ್ಬಿಗಳಲ್ಲಿ ಬಹುಪಾಲು ನಾಲ್ಕೇ ಚಕ್ರಗಳ ಗಿಡ್ಡ ಡಬ್ಬಿಗಳು. ಅವಕ್ಕೆ ಬೋಗಿಯ ಅಗತ್ಯವೇ ಇರಲಿಲ್ಲ.

ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಹಳಿ, ಎಂಜಿನ್ ಮತ್ತು ಎರಡು ಬಗೆಯ ಕೆಲವು ಬೋಗಿಗಳಿದ್ದ ಒಂದು ಪೆಟ್ಟಿಗೆಯನ್ನು ಶಾಲೆಗೆ ಕಳುಹಿಸಿದರು. ಎಲ್ಲವೂ ಎಚ್‌ಓ ಅಳತೆಯವು, ಅಂದರೆ ನಿಜವಾದುದರ 87ರಲ್ಲಿ ಒಂದು ಪಾಲು. ಆದರೆ ಮಕ್ಕಳಿಗೆ ಅಮೆರಿಕದ ಗಾಡಿ ಬೇಡವಾಗಿತ್ತು. ಕೊಯಮತ್ತೂರು ಜಂಕ್ಷನ್ನಿಗೆ ಹೋಗದೆ ಇರುಗೂರಿನಿಂದ ನೇರವಾಗಿ ಪೋದನೂರಿಗೆ ಸಾಗುವ ಸರಕು ಗಾಡಿಗಳನ್ನು ಅವರು ದಿನವೂ ನೋಡುವವರು. ಕಲ್ಲಿದ್ದಲು ಹೊರುವ ಬಾಕ್ಸ್-ಎನ್ ವ್ಯಾಗನ್ನೇ ಬೇಕೆಂದು ಹಟ ಹಿಡಿದರು. ಮೇಲಿನ ತೊಟ್ಟಿಯನ್ನು ರಟ್ಟಿನಲ್ಲಿ ಮಾಡಿಕೊಳ್ಳಬಹುದು. ಬೋಗಿಯನ್ನು ಮಾತ್ರ ಇದ್ದುದರಲ್ಲಿಯೇ ಆರಿಸಬೇಕು.

ಆರಿಸುವುದಕ್ಕೆ ಲೆಕ್ಕ ಬೇಕು. ಬಾಕ್ಸ್-ಎನ್ ವ್ಯಾಗನ್ನಿನ ಕೆಳಗಿರುವುದು ಕ್ಯಾಸ್ನಬ್ ಎಂಬ ಎರಕದ ಉಕ್ಕಿನ ಬೋಗಿ: ಎರಡು ಪಕ್ಕದ ಚೌಕಟ್ಟುಗಳು, ನಡುವೆ ಒಂದು ಅಡ್ಡತೊಲೆ, ತೊಲೆಯ ತುದಿಗಳ ಕೆಳಗೆ ಸುರುಳಿ ಸ್ಪ್ರಿಂಗುಗಳು. ಹೊಸ ಚಕ್ರದ ವ್ಯಾಸ 1000 ಮಿ.ಮೀ., ಎರಡು ಅಚ್ಚುಗಳ ನಡುವಿನ ದೂರ 2000 ಮಿ.ಮೀ. ಇವನ್ನು 87ರಿಂದ ಭಾಗಿಸಿದರೆ ಚಕ್ರ 11.5 ಮಿ.ಮೀ., ಅಚ್ಚುಗಳ ದೂರ 23 ಮಿ.ಮೀ. ಪೆಟ್ಟಿಗೆಯಲ್ಲಿದ್ದ ಒಂದು ಬಗೆಯು ಅಮೆರಿಕದ ನೂರು ಟನ್ನಿನ ವ್ಯಾಗನ್ನುಗಳದು. ಅಲ್ಲಿಯ 36 ಅಂಗುಲದ ಚಕ್ರ ಮಾದರಿಯಲ್ಲಿ 10.5 ಮಿ.ಮೀ. ಆಗುತ್ತದೆ. ಒಂದು ಮಿಲಿಮೀಟರ್ ಕಡಿಮೆ. ಆದರೂ ಚೌಕಟ್ಟಿನ ರೂಪವು ಕ್ಯಾಸ್ನಬ್ಬಿನ ಸೋದರನಂತಿದೆ. ಎರಡನೆಯದು ಉಕ್ಕಿನ ಪಟ್ಟಿಗಳನ್ನು ವಜ್ರಾಕೃತಿಯಲ್ಲಿ ಬಗ್ಗಿಸಿದ ಹಳೆಯ ಕಾಲದ ಬೋಗಿ, 33 ಅಂಗುಲದ ಚಕ್ರದ್ದು. ನೋಡಲು ಅದೇ ಚೆಂದವೆಂದು ಹೆಣ್ಣುಮಕ್ಕಳೆಲ್ಲರೂ ಅದರ ಪಕ್ಷ ವಹಿಸಿದರು. ಹೊಸ ವ್ಯಾಗನ್ನಿಗೆ ಹಳೆಯ ಬೋಗಿ ಹಾಕುವುದು ಮೋಟಾರು ಕಾರಿಗೆ ಎತ್ತಿನ ಗಾಡಿಯ ಚಕ್ರ ಹಾಕಿದಂತೆ ಎಂದು ನಾನು ವಿವರಿಸಬೇಕಾಯಿತು. ಕಂಟೇನರ್ ಹೊರುವ ಬಿ.ಎಲ್.ಸಿ. ವ್ಯಾಗನ್ನಿನ ಚಕ್ರ ಮಾತ್ರ 840 ಮಿ.ಮೀ.; 33 ಅಂಗುಲವೆಂದರೆ 838. ಹೀಗಾಗಿ ಆ ಚಿಕ್ಕ ಚಕ್ರಗಳನ್ನು ಬಿಚ್ಚಿ ಕಂಟೇನರ್ ವ್ಯಾಗನ್ನಿಗಾಗಿ ಎತ್ತಿಟ್ಟೆವು.

ಹಳಿಯ ಅಗಲದಲ್ಲಿ ನಾವು ಸೋಲನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಬ್ರಾಡ್‌ಗೇಜು 1676 ಮಿ.ಮೀ.; ಮಾದರಿಯಲ್ಲಿ ಅದು 19.3 ಆಗಬೇಕು. ಎಚ್‌ಓ ಹಳಿ 16.5 ಮಾತ್ರ. ಮೇಟ್ಟುಪಾಳಯದಿಂದ ಉದಕಮಂಡಲಕ್ಕೆ ಹತ್ತುವ ಮೀಟರ್‌ಗೇಜು ಗಾಡಿಯನ್ನು ಮಾಡುವುದಾದರೆ 12 ಮಿ.ಮೀ. ಹಳಿ ಸಾಕು, ಅದು ಮುಂದಿನ ಮಹೋತ್ಸವದ ಮಕ್ಕಳಿಗಿರಲಿ.

ಬಂದಿದ್ದ ಬೋಗಿಗಳು ಎಲ್ಲ ವ್ಯಾಗನ್ನುಗಳಿಗೆ ಸಾಲದೆ, ಕೆಲವನ್ನು ನಾನೇ ಅಗ್ಗವಾಗಿ ಸಿಕ್ಕ ಕಡೆಯಿಂದ ತಂದೆನು. ಗಾಡಿ ನೇರ ಹಳಿಯ ಮೇಲೆ ಚೆನ್ನಾಗಿಯೇ ಓಡಿತು. ಹಳಿ ಕವಲೊಡೆಯುವ ಸ್ಥಳದಲ್ಲಿ ಮಾತ್ರ ಪ್ರತಿ ಸುತ್ತಿಗೂ ಬಿದ್ದಿತು. ಆ ಕವಲನ್ನು ಜೋಡಿಸಿದವನು ಒಂಬತ್ತನೆಯ ತರಗತಿಯ ಹುಡುಗ. ಮೂರು ಸಾರಿ ಬಿಚ್ಚಿ ಜೋಡಿಸಿದನು. ಮೂರು ಸಾರಿಯೂ ಗಾಡಿ ಬಿದ್ದಿತು. ‘ಕೈಯಲ್ಲಿ ಕೆಲಸ, ಮನಸ್ಸೆಲ್ಲೋ’ ಎಂದು ಎಲ್ಲರ ಮುಂದೆ ಗದರಿಸಿದೆನು. ಅವನು ಎದುರು ಮಾತನಾಡಲಿಲ್ಲ. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಆಗ ನಾನೊಬ್ಬನೇ ಕುಳಿತು ವಿಜ್ಞಾನ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರಿನಿಂದ ಚಕ್ರಗಳನ್ನು ಅಳೆದೆನು. ಒಂದೇ ಅಚ್ಚಿನ ಎರಡು ಚಕ್ರಗಳ ಒಳಮೈಗಳ ನಡುವಿನ ಅಂತರ ಸುಮಾರು 14.5 ಮಿ.ಮೀ. ಇರಬೇಕು. ನಾನು ತಂದವುಗಳಲ್ಲಿ 13.9 ಇತ್ತು! ನೇರ ಹಳಿಯಲ್ಲಿ ಈ ದೋಷ ಹೊರಬೀಳುವುದಿಲ್ಲ. ಕವಲಿನಲ್ಲಿ ಚಕ್ರವನ್ನು ಸರಿದಾರಿಗೆ ಎಳೆಯಲೆಂದು ಒಳಬದಿಯಲ್ಲಿ ಒಂದು ಕಾವಲು ಹಳಿ ಇರುತ್ತದೆ. ಚಕ್ರಗಳು ಹತ್ತಿರವಾಗಿದ್ದರೆ ಒಳಮೈ ಅದಕ್ಕೆ ತಗಲಿ ಮೇಲೇರಿಬಿಡುತ್ತದೆ. ಹುಡುಗನ ಹಳಿಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಂದು ಸಂಜೆಯೇ ಅವನ ಮನೆಗೆ ಹೋದೆನು. ನಮ್ಮ ಅನೇಕ ಕನ್ನಡ ಮನೆಗಳಂತೆ ಅದೂ ನೇಕಾರರ ಮನೆ. ತಂದೆ ಮಗ್ಗದ ಗುಂಡಿಯಲ್ಲಿ ಕುಳಿತಿದ್ದರು. ನಡೆದುದನ್ನು ಹೇಳಿ, ತಪ್ಪು ನನ್ನದೆಂದೆನು. ಅವರು ಲಾಳಿಯನ್ನು ಕೈಯಲ್ಲಿ ಹಿಡಿದೇ, “ಲಾಳಿ ಹಾರಿ ಬಿದ್ರೆ ನಾವು ಮೊದ್ಲು ಲಾಳೀನೇ ತಿರುಗ್ಸಿ ನೋಡೋದು ಮೇಷ್ಟ್ರೇ, ಆಮೇಲೆ ಮಗ್ಗ” ಎಂದರು. ನಲವತ್ತು ವರ್ಷ ಪಾಠ ಹೇಳಿದವನಿಗೆ ಆ ಮಾತಿಗೆ ಉತ್ತರ ತೋಚಲಿಲ್ಲ. ಹುಡುಗನು ಒಳಗಿನಿಂದ ಕಾಫಿ ತಂದುಕೊಟ್ಟನು.

ಮರುದಿನ ಅವನೇ ಎಲ್ಲ ಅಚ್ಚುಗಳನ್ನೂ ಅಳೆದನು. ಚಕ್ರವನ್ನು ಹಿಡಿದು ಮೆಲ್ಲಗೆ ತಿರುಚುತ್ತ ಹೊರಕ್ಕೆ ಸರಿಸಿದರೆ ಅಂತರ ಸರಿಯಾಗುತ್ತದೆ. ಅಚ್ಚಿನ ತುದಿಗಳು ಸೂಜಿಯಂತೆ ಮೊನಚಾಗಿದ್ದು, ಚೌಕಟ್ಟಿನ ಶಂಖಾಕಾರದ ಕುಳಿಯಲ್ಲಿ ತಿರುಗಬೇಕು. ಘರ್ಷಣೆ ಅಷ್ಟು ಕಡಿಮೆ. ಬಿಡಿ ಬೋಗಿಯನ್ನು ಸ್ವಲ್ಪ ಓರೆಯಾದ ಗಾಜಿನ ಮೇಲಿಟ್ಟರೆ ತಾನಾಗಿ ಉರುಳಬೇಕು. ಉರುಳದಿದ್ದುದನ್ನು ಬದಿಗಿಟ್ಟೆವು.

ಬೋಗಿಯನ್ನು ತಿರುಪಿನಿಂದ ಬಿಗಿಯುವುದರಲ್ಲಿಯೂ ಒಂದು ಗುಟ್ಟಿದೆ. ಎರಡನ್ನೂ ಬಿಗಿಯಾಗಿ ಹಾಕಿದರೆ ಹಳಿಯ ಸಣ್ಣ ಏರುತಗ್ಗಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಎರಡನ್ನೂ ಸಡಿಲ ಬಿಟ್ಟರೆ ವ್ಯಾಗನ್ನು ಓಲಾಡುತ್ತದೆ. ಒಂದು ಬೋಗಿ ಎಡಬಲಕ್ಕೆ ಮಾತ್ರ ತಿರುಗುವಂತಿರಬೇಕು. ಇನ್ನೊಂದು ತಿರುಗುವುದರ ಜೊತೆಗೆ ತೂಗುವಂತೆಯೂ ಇರಬೇಕು. ಮೂರು ಕಾಲಿನ ಸ್ಟೂಲು ಎಂತಹ ನೆಲದ ಮೇಲೂ ಅಲುಗದೆ ನಿಲ್ಲುವುದಲ್ಲವೆ? ಲೆಕ್ಕ ಅದೇ.

ಚಿಕ್ಕ ಚಕ್ರವನ್ನು ತೆಗೆದು ದೊಡ್ಡದನ್ನು ಹಾಕುವವರು ಕೊಂಡಿಯ ಎತ್ತರವನ್ನು ಮರೆಯಬಾರದು. ವ್ಯಾಸವು 9.6ರಿಂದ 10.5ಕ್ಕೆ ಏರಿದರೆ ವ್ಯಾಗನ್ನು ಅದರ ಅರ್ಧದಷ್ಟು, ಅಂದರೆ 0.45 ಮಿ.ಮೀ. ಮೇಲೇಳುತ್ತದೆ, ಪಕ್ಕದ ವ್ಯಾಗನ್ನಿನ ಕೊಂಡಿ ಕೆಳಗುಳಿದು ಜಾರುತ್ತದೆ. ತಗ್ಗಿದ್ದರೆ ನಡುವೆ ವಾಷರ್ ಇಡಬಹುದು; ಎತ್ತರವಾಗಿದ್ದರೆ ಕೂರುವ ಜಾಗವನ್ನು ಅರದಿಂದ ಉಜ್ಜಬೇಕು.

ಕೊನೆಗೆ ತೂಕ. 1935ರಲ್ಲಿ ಸ್ಥಾಪಿತವಾದ ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘದವರು ಎಚ್‌ಓ ಗಾಡಿಗೆ ಒಂದು ಔನ್ಸ್, ಅದರ ಮೇಲೆ ಉದ್ದದ ಅಂಗುಲಕ್ಕೆ ಅರ್ಧ ಔನ್ಸ್ ಎಂದು ಶಿಫಾರಸು ಮಾಡಿದ್ದಾರೆ. ನಮ್ಮ ಬಾಕ್ಸ್-ಎನ್ ಮಾದರಿಯ ಉದ್ದ 112 ಮಿ.ಮೀ.; ತೂಕ ಸುಮಾರು 91 ಗ್ರಾಂ ಬರುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇನ್ನೊಂದು ದಾರಿ ಹಿಡಿದಳು. ತುಂಬಿದ ನಿಜ ವ್ಯಾಗನ್ನು 81.28 ಟನ್ನು, 87ರ ಘನದಿಂದ ಭಾಗಿಸಿದರೆ 123 ಗ್ರಾಂ. ಬರಿದಾದಾಗ 22.47 ಟನ್ನು, ಅದು 34 ಗ್ರಾಂ. ಸಂಘದವರ ಅಂಕಿ ಇವೆರಡರ ನಡುವೆಯೇ ಬಿದ್ದುದನ್ನು ಕಂಡು ನನಗೆ ಪರಮ ಸಂತೋಷವಾಯಿತು. ರಟ್ಟಿನ ತೊಟ್ಟಿಯ ತಳಕ್ಕೆ ಹಳೆಯ ಕಬ್ಬಿಣದ ನಟ್ಟುಗಳನ್ನು ಅಂಟಿಸಿ, ಮೇಲೆ ಇದ್ದಿಲಿನ ಪುಡಿ ಉದುರಿಸಿದೆವು.

ಈಗ ಹನ್ನೊಂದು ವ್ಯಾಗನ್ನುಗಳು ಕವಲನ್ನು ದಾಟುತ್ತವೆ. ಹನ್ನೆರಡನೆಯದು ಎಷ್ಟು ತಿದ್ದಿದರೂ ಕುಂಟುತ್ತದೆ. ರೈಲ್ವೆಯವರು ಕೆಟ್ಟ ವ್ಯಾಗನ್ನನ್ನು ‘ಸಿಕ್’ ಎಂದು ಗುರುತಿಸಿ ಬದಿಯ ಹಳಿಗೆ ಕಳುಹಿಸುವ ಪದ್ಧತಿಯನ್ನು ಎಲ್ಲಿಯೋ ಕೇಳಿದ್ದ ಆ ಹುಡುಗನು, ಅದರ ಮೈಮೇಲೆ ಸೀಮೆಸುಣ್ಣದಿಂದ ಹಾಗೆಯೇ ಬರೆದು ಪಕ್ಕದ ಹಳಿಯಲ್ಲಿ ನಿಲ್ಲಿಸಿದ್ದಾನೆ. ಅದರ ಬೋಗಿಗಳು ನಾನು ತಂದವು.