ರೇಡಿಯೊ ಒಲ್ಲೆನೆಂದ ಪೇಟಿ

ಕಲಬುರಗಿಯ ಸ್ಟೇಶನ್ ಬಜಾರದಿಂದ ಕಮಲಾಪುರದವರೆಗೆ ಪೇಟಿ, ಅಂದರೆ ಹಾರ್ಮೋನಿಯಂ, ಇಲ್ಲದ ಭಜನಾ ಮೇಳ ಸಿಗುವುದು ಅಪರೂಪ. ಆದರೆ 1966ರಲ್ಲಿ ಕಲಬುರಗಿಗೆ ಆಕಾಶವಾಣಿ ಬಂದಾಗ ಆ ಪೇಟಿಗೇ ಅಲ್ಲಿ ಪ್ರವೇಶವಿರಲಿಲ್ಲ. 1940ರ ಮಾರ್ಚ್‌ನಲ್ಲಿ ದಿಲ್ಲಿಯಿಂದ ಹೊರಟ ನಿಷೇಧ ಇನ್ನೂ ಜಾರಿಯಲ್ಲಿತ್ತು. ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಪೇಟಿಯ ವಿರುದ್ಧ ಬರೆದಿದ್ದರು, ಮುಖ್ಯಸ್ಥ ಲಿಯೊನೆಲ್ ಫೀಲ್ಡನ್‌ಗೂ ಅದು ಬೇಡವಾಗಿತ್ತು, ರವೀಂದ್ರನಾಥ ಟ್ಯಾಗೋರರೂ ದನಿಗೂಡಿಸಿದ್ದರು. ಕಾಗವಾಡದಲ್ಲಿ ಹುಟ್ಟಿದ ಪೇಟಿ ವಾದಕ ರಾಮಭಾವು ಬಿಜಾಪುರೆ ಅವರಿಗೆ 1940ರಲ್ಲಿ 23ರ ಪ್ರಾಯ. ನಿಷೇಧ ಸಡಿಲಾದದ್ದು 1971ರಲ್ಲಿ, ಅವರಿಗೆ 54 ಆದಾಗ. ಕಲಾವಿದನೊಬ್ಬನ ಕೈ ಪಳಗಿ ಮಾಗುವ ವರ್ಷಗಳೆಲ್ಲ ಈ ಎರಡು ಇಸವಿಗಳ ನಡುವೆಯೇ ಕಳೆದುಹೋದವು.

ಪೇಟಿಯ ಮೇಲಿನ ಆಕ್ಷೇಪ ಹುರುಳಿಲ್ಲದ್ದೇನಲ್ಲ. 1842ರಲ್ಲಿ ಪ್ಯಾರಿಸಿನ ದೆಬೆಯ್ನ್ ಪೇಟೆಂಟ್ ಪಡೆದ ವಾದ್ಯ ಅದು. ಕಾಲಿನಿಂದ ತಿದಿ ಒತ್ತುವ ಆ ಆರ್ಗನ್ನು ನಮ್ಮ ನಾಟಕ ಕಂಪನಿಗಳಲ್ಲಿ ಕಾಲುಪೇಟಿಯಾಯಿತು, ಕೋಲ್ಕತ್ತದ ದ್ವಾರಕಾನಾಥ ಘೋಷರು ಅದನ್ನು ಕೈಪೇಟಿಯಾಗಿಸಿದರು. ಅದರ ಸ್ವರಗಳು ಕಟ್ಟಿಟ್ಟವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಹುಟ್ಟುವುದಿಲ್ಲ, ರಾಗದ ಸೂಕ್ಷ್ಮ ಶ್ರುತಿಗಳೂ ಪೂರ್ತಿ ದಕ್ಕುವುದಿಲ್ಲ. ಇಷ್ಟನ್ನೂ ಒಪ್ಪೋಣ. ಆದರೆ ಸಾಥ್ ಕೊಡುವವನ ಕೆಲಸ ಗಾಯಕನ ಮೀಂಡನ್ನು ನಕಲು ಮಾಡುವುದಲ್ಲ. ಗಾಯಕ ಉಸಿರೆಳೆಯುವ ಹೊತ್ತಿಗೆ ಸ್ವರವನ್ನು ಹಿಡಿದು ನಿಲ್ಲಿಸಬೇಕು, ತಾನಿನ ಬೆನ್ನಿಗೆ ಬೆರಳು ಓಡಬೇಕು, ಗಾಯಕ ಜಾರುವಲ್ಲಿ ಎಡಗೈ ತಿದಿಯ ಗಾಳಿಯನ್ನು ಸಣ್ಣಗೆ ಮಾಡಬೇಕು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಬಿಜಾಪುರೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿದರು. ಶ್ರುತಿಯ ವಿಷಯದಲ್ಲಿ ಇವರ ಕಿವಿಗಿಂತ ಕಚೇರಿಯ ಸುತ್ತೋಲೆ ದೊಡ್ಡದೆನ್ನಲು ಸಾಧ್ಯವೇ? ಪೇಟಿಯನ್ನು ಒಳಬಿಟ್ಟರೆ ಸಾರಂಗಿ ಸಾಯುತ್ತದೆ ಎಂಬ ವಾದವೂ ಇತ್ತು. ಪೇಟಿ ಹೊರಗಿದ್ದ ಮೂರು ದಶಕಗಳಲ್ಲಿ ಸಾರಂಗಿಯೇನೂ ನಮ್ಮ ಊರೂರಿಗೆ ಹಬ್ಬಲಿಲ್ಲ.

ನಿಷೇಧದಿಂದ ವೇದಿಕೆಯ ಮೇಲೆ ಪೇಟಿ ಸೊರಗಲಿಲ್ಲ. ಬೆಳಗಾವಿಯ ತಮ್ಮ ಶ್ರೀರಾಮ ಸಂಗೀತ ವಿದ್ಯಾಲಯದಲ್ಲಿ ಬಿಜಾಪುರೆ ದಶಕಗಳ ಕಾಲ ಕಲಿಸಿದರು. ಬಡವಾದದ್ದು ದಾಖಲೆ. ಆಕಾಶವಾಣಿಯ ಧಾರವಾಡ ಕೇಂದ್ರ 1950ರಲ್ಲೇ ಶುರುವಾದರೂ ಅವರ ಪ್ರಾಯದ ಬೆರಳುಗಳನ್ನು ಹಿಡಿದಿಡುವ ಅವಕಾಶ ಅದಕ್ಕೆ ಇರಲಿಲ್ಲ. 1971ರ ಸಡಿಲಿಕೆಯೂ ಸಾಥ್‌ಗೆ ಮಾತ್ರ, ಸೋಲೊ ವಾದನಕ್ಕಲ್ಲ. ಬಿಜಾಪುರೆ 2010ರಲ್ಲಿ ತೀರಿಕೊಂಡರು. ಆ ಕಾಲದ ಖಾಸಗಿ ಬೈಠಕ್‌ಗಳ ಟೇಪು, ಕ್ಯಾಸೆಟ್ಟು ಮನೆಯಲ್ಲಿದ್ದವರು ದಯವಿಟ್ಟು ಗುಜರಿಗೆ ಹಾಕಬೇಡಿ. ಧಾರವಾಡ, ಕಲಬುರಗಿ ಕೇಂದ್ರಗಳು ಅವನ್ನು ಕೇಳಿ ಪಡೆದು ಪ್ರಸಾರ ಮಾಡಲಿ.